ಮನುಷ್ಯನ ಚರ್ಮ ಬೆಳೆಸಲು ಇಲಿಯ ಜೀವಕೋಶ ಯಾಕೆ?

ಪ್ರಶ್ನೆ: ಸುಟ್ಟ ಗಾಯಕ್ಕೆ ಹಾಕುವ ಚರ್ಮವನ್ನು ಲ್ಯಾಬಿನಲ್ಲಿ ಇಲಿಯ ಜೀವಕೋಶಗಳ ಜೊತೆ ಬೆಳೆಸುತ್ತಾರಂತೆ. ಯಾಕೆ? ಅವು ನಮ್ಮ ಮೈಗೆ ಸೇರೋದಿಲ್ವಾ?

ಚರ್ಮದಲ್ಲಿ ಹೊಸ ಜೀವಕೋಶಗಳನ್ನು ಹುಟ್ಟಿಸುತ್ತಲೇ ಇರುವ ಸ್ಟೆಮ್ ಸೆಲ್‌ಗಳಿಗೆ ಜೊತೆ ಬೇಕು. ಮೈಯೊಳಗೆ ಅಕ್ಕಪಕ್ಕದ ಜೀವಕೋಶಗಳು ಅವಕ್ಕೆ ಬೇಕಾದ ಪ್ರೋಟೀನುಗಳನ್ನು ಒದಗಿಸುತ್ತಿರುತ್ತವೆ. ಬರೀ ಪ್ಲಾಸ್ಟಿಕ್ ತಟ್ಟೆಗೆ ಸುಮ್ನೆ ಬಿಟ್ಟರೆ ಬೇಗ ಬಲಿತು, ಬೆಳವಣಿಗೆ ನಿಂತುಬಿಡುತ್ತದೆ.

1975ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ರೈನ್‌ವಾಲ್ಡ್ ಮತ್ತು ಹೊವಾರ್ಡ್ ಗ್ರೀನ್ ಇದಕ್ಕೊಂದು ದಾರಿ ತೋರಿಸಿದರು. 3ಟಿ3 ಎಂಬ ಇಲಿಯ ಜೀವಕೋಶಗಳಿಗೆ ವಿಕಿರಣ ಹಾಯಿಸಿದರು. ಹಾಗೆ ಮಾಡಿದರೆ ಅವು ಕೆಲ ದಿನ ಬದುಕಿರುತ್ತವೆ, ಪ್ರೋಟೀನು ಸುರಿಸುತ್ತವೆ, ಆದರೆ ಒಂದು ಎರಡಾಗುವುದಿಲ್ಲ. ಎಳೆ ಅಡಿಕೆ ಗಿಡಕ್ಕೆ ನೆರಳಾಗಲಿ ಅಂತ ಬಾಳೆ ನೆಟ್ಟು ಆಮೇಲೆ ಕಡಿಯುತ್ತೇವಲ್ಲ, ಹಾಗೆ.

ಇಲ್ಲಿ ಕಡಿಯುವ ಕೆಲಸವೂ ಬೇಕಿಲ್ಲ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮನುಷ್ಯನ ಜೀವಕೋಶಗಳು ಒತ್ತೊತ್ತಾಗಿ ಸೇರಿ ಗುಂಪು ಕಟ್ಟಿರುತ್ತವೆ. ಗುಂಪು ಹಿಗ್ಗಿದಂತೆ ಅದರ ಅಂಚು ಇಲಿಯ ಜೀವಕೋಶಗಳನ್ನು ತಳ್ಳುತ್ತದೆ. ಅವು ತಟ್ಟೆಯಿಂದ ಬಿಟ್ಟುಕೊಂಡು ತೇಲುತ್ತವೆ, ಪೋಷಕ ದ್ರವ ಬದಲಿಸುವಾಗ ಹೊರಗೆ ಹೋಗುತ್ತವೆ. ಕೊನೆಗೆ ಗುಂಪುಗಳೆಲ್ಲ ಕೂಡಿ ತೆಳ್ಳನೆಯ ಹಾಳೆಯಾಗುತ್ತದೆ. ಅದನ್ನು ಕಿಣ್ವ ಹಾಕಿ ಬಿಡಿಸಿ, ಗಾಜ್ ಬಟ್ಟೆಗೆ ಅಂಟಿಸಿ ಗಾಯದ ಮೇಲಿಡುತ್ತಾರೆ. 3 ಚದರ ಸೆಂಟಿಮೀಟರ್ ಚರ್ಮ ಇದ್ದರೆ ಸಾಕು, 3-4 ವಾರದಲ್ಲಿ ಇಡೀ ಮೈಗಾಗುವಷ್ಟು ಬೆಳೆಸಬಹುದು. 1983ರಲ್ಲಿ ಮೈಯೆಲ್ಲ, 95%ಗೂ ಜಾಸ್ತಿ, ಸುಟ್ಟಿದ್ದ ಇಬ್ಬರು ಪುಟ್ಟ ಅಣ್ಣತಮ್ಮಂದಿರು ಬಾಸ್ಟನ್‌ನಲ್ಲಿ ಬದುಕಿ ಉಳಿದದ್ದು ಇದೇ ವಿಧಾನದಿಂದ.

ಹಾಳೆಯಲ್ಲಿ ಇಲಿಯ ಜೀವಕೋಶ ಅಲ್ಲೊಂದು ಇಲ್ಲೊಂದು ಉಳಿಯಬಹುದು. ಅವು ಹೆಚ್ಚಾಗುವುದಿಲ್ಲ. ಆದರೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಚರ್ಮವನ್ನು ಪ್ರಾಣಿಯಿಂದ ಮನುಷ್ಯನಿಗೆ ಮಾಡುವ ಕಸಿಯ ಲೆಕ್ಕಕ್ಕೇ ಸೇರಿಸಿದೆ. ಇಲಿಯ ಜೀವಕೋಶಗಳಲ್ಲಿ ವೈರಸ್ ಇದೆಯೇ ಎಂದು ಮೊದಲೇ ಪರೀಕ್ಷೆ ಆಗಲೇಬೇಕು. ಈ ಎಚ್ಚರ ಸರಿಯಾದದ್ದೇ.

ಇಲಿ ಇಲ್ಲದೆ ಆಗೋದೇ ಇಲ್ಲ ಅಂತಲ್ಲ. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಆಸ್ಪತ್ರೆಯವರು ಕಣ್ಣಿನ ಸ್ಟೆಮ್ ಸೆಲ್‌ಗಳನ್ನು ಹೆರಿಗೆಯಲ್ಲಿ ಸಿಗುವ ಗರ್ಭಚೀಲದ ಪೊರೆಯ ಮೇಲೆ ಬೆಳೆಸಿದ್ದಾರೆ. ಇಟಲಿಯ ಸಂಶೋಧಕರು ಮಾತ್ರ ಕಣ್ಣಿಗೂ 3ಟಿ3ಯನ್ನೇ ನೆಚ್ಚಿಕೊಂಡರು. ಬೆಳೆಸಿದ ಹಾಳೆಯಲ್ಲಿ ನಿಜವಾದ ಸ್ಟೆಮ್ ಸೆಲ್ ಎಷ್ಟು ಉಳಿದಿವೆ ಅನ್ನೋದೇ ಮುಖ್ಯ ಅಂತ ಅವರ ಅನುಭವ. 2010ರ ಅವರ ವರದಿಯಲ್ಲಿ ಸ್ಟೆಮ್ ಸೆಲ್ ಗುರುತಿರುವ ಜೀವಕೋಶಗಳು 3% ದಾಟಿದ್ದ ಕಸಿಗಳಲ್ಲಿ 78% ಫಲಿಸಿದ್ದವು. ಅದಕ್ಕಿಂತ ಕಡಿಮೆ ಇದ್ದಲ್ಲಿ ಬರೀ 11%.