ಬಾಹ್ಯಾಕಾಶ ನಿಲ್ದಾಣವೂ ನಡುಗುತ್ತದೆ

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುತ್ತುವ 400 ಕಿಲೋಮೀಟರ್ ಎತ್ತರದಲ್ಲಿ ಗುರುತ್ವಾಕರ್ಷಣೆಯೇ ಇಲ್ಲ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ನೆಲದ ಮೇಲಿರುವುದರಲ್ಲಿ ಸುಮಾರು ಶೇ 90ರಷ್ಟು ಅಲ್ಲಿಯೂ ಇದೆ. ನಿಲ್ದಾಣ, ಅದರೊಳಗಿನ ಮನುಷ್ಯರು, ನೀರಿನ ಹನಿ ಎಲ್ಲವೂ ಒಟ್ಟಿಗೇ ಭೂಮಿಯತ್ತ ಬೀಳುತ್ತ ಸುತ್ತುವುದರಿಂದ ತೂಕ ತಿಳಿಯುವುದಿಲ್ಲ, ಅಷ್ಟೆ.

ಈ ಬೀಳುವಿಕೆಗೂ ಅಡ್ಡಿಗಳಿವೆ. ಅಷ್ಟು ಮೇಲೆ ಉಳಿದಿರುವ ತೆಳುಗಾಳಿ ನಿಲ್ದಾಣವನ್ನು ನಿಧಾನವಾಗಿ ತಡೆಯುತ್ತದೆ. ನಿಲ್ದಾಣದ ದ್ರವ್ಯರಾಶಿಯೆಲ್ಲ ಸರಿದೂಗುವ ಬಿಂದುವಾದ ದ್ರವ್ಯರಾಶಿ ಕೇಂದ್ರದಿಂದ ಯಾವುದೇ ವಸ್ತು ಮೇಲಕ್ಕೋ ಕೆಳಕ್ಕೋ ಒಂದು ಮೀಟರ್ ಸರಿದರೆ, ನೆಲದ ಗುರುತ್ವವನ್ನು ಹತ್ತು ಲಕ್ಷ ಪಾಲು ಮಾಡಿದಾಗ ಒಂದು ಪಾಲಿನ 0.4ರಷ್ಟು ಸೆಳೆತ ಕಾಣಿಸಿಕೊಳ್ಳುತ್ತದೆ. ಇದರ ಜೊತೆಗೆ ಫ್ಯಾನು, ಪಂಪು, ಟ್ರೆಡ್‌ಮಿಲ್ ಮೇಲೆ ಓಡುವ ಗಗನಯಾತ್ರಿ. ಹರಳು ಬೆಳೆಸುವವರಿಗೆ, ದ್ರವ ಹರಿಯುವ ಬಗೆ ನೋಡುವವರಿಗೆ ಇದೇ ತಲೆನೋವು: ಕಂಡ ಫಲಿತಾಂಶ ತೂಕವಿಲ್ಲದ ಸ್ಥಿತಿಯದೋ, ಪಕ್ಕದ ಪಂಪಿನದೋ?

1973ರಲ್ಲಿ ಅಮೆರಿಕದ ಸ್ಕೈಲ್ಯಾಬ್‌ನಲ್ಲಿಯೇ ಗಗನಯಾತ್ರಿಗಳ ಕೈಕಾಲಿನ ಚಲನೆ ಎಷ್ಟು ಬಲ ಹಾಕುತ್ತದೆಂದು ಅಳೆದಿದ್ದರು. ಆದರೆ ಆಗ ಮುಖ್ಯವಾಗಿದ್ದದ್ದು ಅದರಿಂದ ನೌಕೆಯ ದಿಕ್ಕು ಎಷ್ಟು ತಪ್ಪುತ್ತದೆ ಎಂಬುದು. ಪ್ರಯೋಗಗಳಿಗಾಗಿಯೇ ಕಂಪನವನ್ನು ಅಳೆಯುವ ಕೆಲಸ ಗಟ್ಟಿಯಾಗಿ ನೆಲೆಗೊಂಡದ್ದು ಅಮೆರಿಕದ ಮರುಬಳಕೆಯ ನೌಕೆಗಳಾದ ಷಟಲ್‌ಗಳ ಯುಗದಲ್ಲಿ. 1991ರ ಜೂನ್‌ನಲ್ಲಿ ಕೊಲಂಬಿಯಾ ನೌಕೆ ಎರಡು ಉಪಕರಣಗಳನ್ನು ಮೊದಲ ಬಾರಿಗೆ ಒಯ್ದಿತು. ನಾಸಾದ ಕ್ಲೀವ್‌ಲ್ಯಾಂಡ್ ಕೇಂದ್ರ ಕಟ್ಟಿದ 'ಸ್ಯಾಮ್ಸ್' ವೇಗದ ಕಂಪನಗಳನ್ನು ಹಿಡಿಯುತ್ತಿತ್ತು. 'ಓರ್' ಗಾಳಿಯ ತಡೆಯಂಥ ಅತಿ ನಿಧಾನದ ಸೆಳೆತಗಳನ್ನು.

ಓರ್‌ನ ವಿನ್ಯಾಸ ನನಗೆ ಈ ಇಡೀ ಕತೆಯಲ್ಲೇ ಅತ್ಯಂತ ಸೊಗಸಿನದೆನಿಸುತ್ತದೆ. ಚಿಕ್ಕದೊಂದು ಲೋಹದ ತುಂಡನ್ನು ವಿದ್ಯುತ್ ಬಲದಿಂದ, ಏನನ್ನೂ ಮುಟ್ಟದಂತೆ ನಡುವಿನಲ್ಲಿ ನಿಲ್ಲಿಸುತ್ತಾರೆ. ನೌಕೆ ಕದಲಿದರೆ ಅದನ್ನು ಅಲ್ಲೇ ಉಳಿಸಲು ಬೇಕಾಗುವ ವೋಲ್ಟೇಜೇ ಅಳತೆ. ಗುರುತ್ವದ ನೂರು ಕೋಟಿಯಲ್ಲಿ ಕೆಲವೇ ಪಾಲಿನ ಸೂಕ್ಷ್ಮತೆ ಅದಕ್ಕಿತ್ತು. ಇಂಥದ್ದನ್ನು ಭೂಮಿಯಲ್ಲಿ ಒರೆಹಚ್ಚುವುದು ಹೇಗೆ? ಇಲ್ಲಿಯ ಗುರುತ್ವ ಆ ಅಳತೆಯನ್ನೇ ಮುಳುಗಿಸಿಬಿಡುತ್ತದೆ. ಅದಕ್ಕಾಗಿ ಉಪಕರಣವನ್ನು ಸಣ್ಣ ತಿರುಗುಮಣೆಯ ಮೇಲೆ ಕೂರಿಸಿ ಕಕ್ಷೆಯಲ್ಲೇ ತಿರುವಿಹಾಕಿದರು. ದಿಕ್ಕು ತಿರುಗಿದಾಗ ನಿಜವಾದ ಸೆಳೆತದ ಚಿಹ್ನೆ ಬದಲಾಗುತ್ತದೆ, ಉಪಕರಣದ ಸ್ವಂತ ದೋಷ ಹಾಗೆಯೇ ಉಳಿಯುತ್ತದೆ. ಎರಡೂ ದಿಕ್ಕಿನ ಅಳತೆಗಳನ್ನು ಕೂಡಿಸಿ ಅರ್ಧ ಮಾಡಿದರೆ ದೋಷ ಬೇರೆಯಾಗಿ ಕೈಗೆ ಸಿಗುತ್ತದೆ.

1994ರಲ್ಲಿ ಸ್ಯಾಮ್ಸ್ ರಷ್ಯಾದ ಮಿರ್ ನಿಲ್ದಾಣಕ್ಕೂ ಹೋಯಿತು. ಅಷ್ಟರಲ್ಲಿ ಕಂಪನಗಳನ್ನು ಆವರ್ತನದ (ಸೆಕೆಂಡಿಗೆ ಎಷ್ಟು ಬಾರಿ, ಅಂದರೆ ಎಷ್ಟು ಹರ್ಟ್ಜ್) ಪ್ರಕಾರ ಬಿಡಿಸಿ, ಯಾವುದು ಯಾವ ಯಂತ್ರದ್ದೆಂದು ಗುರುತಿಸುವುದು ರೂಢಿಯಾಗಿತ್ತು. ಷಟಲ್‌ನಲ್ಲಿ 17 ಹರ್ಟ್ಜ್ ಕಂಡರೆ ಅದು ಸಂಪರ್ಕಕ್ಕೆ ಬಳಸುವ ಕೆಯು-ಬ್ಯಾಂಡ್ ಆಂಟೆನಾ. ಮಿರ್‌ನಲ್ಲಿ 166.7 ಹರ್ಟ್ಜ್ ಕಂಡರೆ ನಿಮಿಷಕ್ಕೆ 10,000 ಸುತ್ತು ತಿರುಗುತ್ತ ನಿಲ್ದಾಣದ ದಿಕ್ಕನ್ನು ಹಿಡಿದಿಡುವ ಗೈರೊಡೈನ್ ಚಕ್ರಗಳು. ಗಗನಯಾತ್ರಿಗಳು ಯಾವಾಗ ಮಲಗಿದರು, ಯಾವಾಗ ಎದ್ದರು ಎಂಬುದೂ ಆ ನಕ್ಷೆಗಳಲ್ಲಿ ಕಾಣುತ್ತಿತ್ತು.

2001ರ ಏಪ್ರಿಲ್‌ನಲ್ಲಿ ಸ್ಯಾಮ್ಸ್‌ನ ಹೊಸ ರೂಪ, ಓರ್‌ನ ಸಂವೇದಕವನ್ನೇ ಒಳಗೊಂಡ 'ಮ್ಯಾಮ್ಸ್' ಎರಡೂ ಈಗಿನ ನಿಲ್ದಾಣ ಸೇರಿದವು. 2009ರ ಜನವರಿ 14ರಂದು ಕಕ್ಷೆ ಏರಿಸಲು ನಿಲ್ದಾಣದ ರಷ್ಯನ್ ಭಾಗವಾದ ಜ್ವೆಜ್ದಾದ ಎಂಜಿನ್ ಉರಿಸಿದಾಗ, ನಿಯಂತ್ರಣ ತಂತ್ರಾಂಶದಲ್ಲಿದ್ದ ತಪ್ಪು ಸಂಖ್ಯೆಗಳಿಂದ ಇಡೀ ನಿಲ್ದಾಣ ಎರಡು ನಿಮಿಷಕ್ಕೂ ಹೆಚ್ಚು ಕಾಲ ಓಲಾಡಿತು. ಅಂಥ ದಿನ ಕಂಪನದ ದಾಖಲೆ ಪ್ರಯೋಗಗಳಿಗಷ್ಟೇ ಸೀಮಿತವಾಗಿ ಉಳಿಯುವುದಿಲ್ಲ. ನಿಲ್ದಾಣದ ಕೀಲುಗಳು ಎಷ್ಟು ದಣಿದವು ಎಂಬ ಲೆಕ್ಕಕ್ಕೂ ಅದು ಬೇಕಾಗುತ್ತದೆ.

ಅಳೆದ ಮೇಲೆ ತಡೆಯುವ ಪ್ರಯತ್ನವೂ ನಡೆಯಿತು. ಕೆನಡಾದ ಕಂಪನ ತಡೆಯುವ ಪೀಠವನ್ನು ಮಿರ್‌ನಲ್ಲಿ ಬಳಸಿದರು. ಈಗಿನ ನಿಲ್ದಾಣದಲ್ಲಿ ಪ್ರಯೋಗಗಳನ್ನು ಕೂರಿಸುವ ಕೆಲವು ರ‍್ಯಾಕ್‌ಗಳು ತಮ್ಮ ಕಂಪನವನ್ನು ತಾವೇ ಅಳೆದು ಎದುರು ಬಲ ಹಾಕಿಕೊಳ್ಳುತ್ತವೆ. ಟ್ರೆಡ್‌ಮಿಲ್‌ಗೂ ಅಂಥ ಏರ್ಪಾಡಿದೆ. ಮೂಳೆ ಸವೆಯದಿರಲು ದಿನವೂ ವ್ಯಾಯಾಮ ಮಾಡಲೇಬೇಕಾದ್ದರಿಂದ ಅದನ್ನು ನಿಲ್ಲಿಸುವಂತಿಲ್ಲ.

ನಿಧಾನದ ಸೆಳೆತಕ್ಕೆ ಮಾತ್ರ ಇವು ಯಾವುವೂ ಮದ್ದಲ್ಲ. ರ‍್ಯಾಕ್ ಎಷ್ಟೇ ಬಿಡಿಯಾಗಿ ತೇಲಿದರೂ ಕೊನೆಗೆ ನಿಲ್ದಾಣದ ಜೊತೆಗೇ ಸಾಗಬೇಕು. ಅಲ್ಲಿ ಉಳಿಯುವ ದಾರಿ ದ್ರವ್ಯರಾಶಿ ಕೇಂದ್ರದ ಹತ್ತಿರ ಜಾಗ ಹಿಡಿಯುವುದು. ಹೊಸ ಭಾಗವೊಂದು ಸೇರಿದಾಗ, ಸರಕು ನೌಕೆ ಬಂದು ಕೂಡಿಕೊಂಡಾಗ ಆ ಕೇಂದ್ರವೂ ಸರಿಯುವುದರಿಂದ, ಪ್ರತಿಸಲವೂ ಲೆಕ್ಕವನ್ನು ಹೊಸದಾಗಿ ಹಾಕಬೇಕಾಗುತ್ತದೆ.