ಸಂಕ್ರಾಂತಿ ಒಮ್ಮೆ 14ಕ್ಕೆ, ಒಮ್ಮೆ 15ಕ್ಕೆ ಯಾಕೆ?

ಪ್ರಶ್ನೆ: ಹುತ್ತರಿ ಪ್ರತಿ ವರ್ಷ ಬೇರೆ ದಿನ ಬರುತ್ತದೆ, ಸರಿ. ಸಂಕ್ರಾಂತಿ ಜನವರಿ 14ಕ್ಕೇ ಅಲ್ವಾ? 2024ರಲ್ಲಿ 15ಕ್ಕೆ ಮಾಡಿದೆವು. ಮರುವರ್ಷ ಮತ್ತೆ 14. ಯಾವುದು ಸರಿ?

ಎರಡೂ ಸರಿ. ಹುತ್ತರಿಗೆ ಹುಣ್ಣಿಮೆ, ರೋಹಿಣಿ ನಕ್ಷತ್ರ ನೋಡುತ್ತಾರೆ. ಅದಕ್ಕೇ ಅದು ನವೆಂಬರ್, ಡಿಸೆಂಬರಿನಲ್ಲಿ ಹಿಂದೆ ಮುಂದೆ ಆಗುತ್ತದೆ. ಸಂಕ್ರಾಂತಿಯದು ಸೂರ್ಯನ ಲೆಕ್ಕ. ಸೂರ್ಯ ಮಕರ ರಾಶಿಗೆ ಕಾಲಿಡುವ ಗಳಿಗೆಯೇ ಸಂಕ್ರಮಣ.

ಕೊಡಗಿನವರಿಗೆ ಇದು ಹೊಸದಲ್ಲ. ತಲಕಾವೇರಿಯ ತೀರ್ಥೋದ್ಭವ ನೆನಪಿಸಿಕೊಳ್ಳಿ. ಅದು ತುಲಾ ಸಂಕ್ರಮಣ. 2023ರಲ್ಲಿ ನಡುರಾತ್ರಿ ಕಳೆದು 1.27ಕ್ಕೆ, ಕೊರೆಯುವ ಚಳಿಯಲ್ಲಿ ಜನ ಕಾದು ನಿಂತರು. 2024ರಲ್ಲಿ ಬೆಳಿಗ್ಗೆ 7.40. 2025ರಲ್ಲಿ ಮಧ್ಯಾಹ್ನ 1.44. ಪ್ರತಿ ಸಲ ಆರು ಗಂಟೆ ಚಿಲ್ಲರೆ ಮುಂದಕ್ಕೆ ಹೋಗಿದೆ, ನೋಡಿ. ರಾಶಿಗಳ ಒಂದು ಸುತ್ತು ಮುಗಿಯಲು 365 ದಿನ, 6 ಗಂಟೆ, 9 ನಿಮಿಷ ಬೇಕು. ಮಕರ ಸಂಕ್ರಮಣವೂ ಹೀಗೇ ಜಾರುತ್ತದೆ. ಹೊತ್ತು ಮುಳುಗಿದ ಮೇಲೆ ಬಂದರೆ ಹಬ್ಬ ಮರುದಿನಕ್ಕೆ. ನಾಲ್ಕು ವರ್ಷಕ್ಕೊಮ್ಮೆ ಫೆಬ್ರವರಿ 29 ಬಂದು ಅದನ್ನು ಹಿಂದಕ್ಕೆ ಎಳೆಯುತ್ತದೆ.

ಆದರೂ ಪೂರ್ತಿ ಸರಿಹೋಗುವುದಿಲ್ಲ. ಗೋಡೆಯ ಕ್ಯಾಲೆಂಡರಿನ ವರ್ಷ ಸರಾಸರಿ 20 ನಿಮಿಷ ಚಿಕ್ಕದು. 70 ವರ್ಷ ದಾಟುವಷ್ಟರಲ್ಲಿ ಅದೇ ಒಂದು ದಿನವಾಗುತ್ತದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಸಂಕ್ರಾಂತಿಯ ದಿನ. ಅವತ್ತು ಜನವರಿ 12! ಈ ಲೆಕ್ಕಕ್ಕೆ ಇದಕ್ಕಿಂತ ಚಂದದ ಸಾಕ್ಷಿ ನನಗೆ ಸಿಕ್ಕಿಲ್ಲ.

ಹಗಲು ಉದ್ದವಾಗುವುದು ಮಾತ್ರ ಡಿಸೆಂಬರ್ 22ರ ಹೊತ್ತಿಗೇ ಶುರು. ಸುಮಾರು 1,700 ವರ್ಷದ ಹಿಂದೆ ಎರಡೂ ಒಟ್ಟಿಗೇ ಬರುತ್ತಿದ್ದವು.

ಇನ್ನು ಎಳ್ಳುಬೆಲ್ಲದ ಮಾತು. ದಿನ ಯಾವುದೇ ಇರಲಿ, ಕೆಲಸ ವಾರ ಮೊದಲೇ ಹಿಡಿಯಬೇಕು. ನಮ್ಮಲ್ಲಿ ಆಗ ಕಾಫಿ ಕುಯ್ಲು, ಕಣದ ತುಂಬ ಹಣ್ಣು ಹರಡಿರುತ್ತದೆ. ಹತ್ತು ಗಂಟೆಯವರೆಗೂ ಮಂಜು. ಕಣದ ಮೂಲೆಯಲ್ಲಿ ಒಂದು ಮೊರ ಇಡಲು ಜಾಗ ಮಾಡಿಕೊಂಡು, ಸಣ್ಣಗೆ ಹೆಚ್ಚಿದ ಕೊಬ್ಬರಿ, ಬೆಲ್ಲ ಒಣಗಿಸಬೇಕು. ಪಸೆ ಉಳಿದರೆ ಬೆಲ್ಲ ಅಂಟಿ, ಎಳ್ಳು, ಹುರಿಗಡಲೆ ಎಲ್ಲ ಮುದ್ದೆಯಾಗುತ್ತದೆ. ಸಂಜೆ ಇಬ್ಬನಿ ಬೀಳುವ ಮೊದಲೇ ಮೊರ ಒಳಗೆ ತನ್ನಿ.