ಬೈಬಲ್ ಪಟ್ಟಣಗಳನ್ನ ಓದುವಾಗ ಮೊದಲು ನೀರು ಎಲ್ಲಿಂದ ಬರ್ತಿತ್ತು ಅಂತ ನೋಡಿ

ಬೈಬಲ್‌ನ ಯಾವುದೇ ಊರಿನ ಬಗ್ಗೆ ಪಾಠ ಮಾಡೋಕೆ ಮುಂಚೆ ಆ ಊರಿಗೆ ಕುಡಿಯೋ ನೀರು ಎಲ್ಲಿಂದ ಬರ್ತಿತ್ತು ಅಂತ ಹುಡುಕಿ. ಇದನ್ನ ನಾನು ಸಂಡೇ ಸ್ಕೂಲ್ ಟೀಚರ್‌ಗಳಿಗೂ ಹೇಳ್ತೀನಿ, ಪಾಸ್ಟರ್‌ಗಳಿಗೂ ಹೇಳ್ತೀನಿ. ನನ್ನ ಕೆಲಸ ಕುಡಿಯೋ ನೀರಿನ ಸ್ಕೀಮ್‌ಗಳ ಡಿಸೈನ್, ಸರ್ವೆ, ಲೆವೆಲ್, ಪೈಪ್‌ಲೈನ್, ಟ್ಯಾಂಕ್ ಇದರಲ್ಲೇ ದಿನ ಹೋಗುತ್ತೆ, ಹಾಗಾಗಿ ನಿಮ್ಮ ಕಣ್ಣು ಅಲ್ಲಿಗೇ ಹೋಗುತ್ತೆ ಬಿಡಿ ಅಂತ ಕೆಲವರು ಅಂತಾರೆ. ಆದ್ರೆ ಬೈಬಲ್ ವಾಕ್ಯಾನೇ ನಮ್ಮನ್ನ ಅಲ್ಲಿಗೆ ಕರ್ಕೊಂಡು ಹೋಗುತ್ತೆ. 2 ಅರಸುಗಳು 20:20ರಲ್ಲಿ ಯೆಹೂದದ ರಾಜ ಹಿಜ್ಕೀಯನ ಕಥೆ ಮುಗಿಸುವಾಗ, ಅವನ ಪರಾಕ್ರಮದ ಜೊತೆಗೆ ಎತ್ತಿ ಹೇಳಿರೋ ಕೆಲಸ ಒಂದೇ: ಕೊಳ ಮಾಡಿಸಿ, ಕಾಲುವೆ ತೋಡಿಸಿ ಪಟ್ಟಣದೊಳಕ್ಕೆ ನೀರು ತಂದದ್ದು.

ಯೆರೂಸಲೇಮ್ ಬೆಟ್ಟದ ಮೇಲಿನ ಊರು, ಹತ್ರ ದೊಡ್ಡ ನದಿ ಇಲ್ಲ, ವರ್ಷಪೂರ್ತಿ ಹರಿಯೋ ಊಟೆ (ನೀರಿನ ಬುಗ್ಗೆ) ಅಂದ್ರೆ ಗೀಹೋನ್. ಅದಿರೋದು ಕಿದ್ರೋನ್ ಹಳ್ಳದ ಕಡೆ, ಇಳಿಜಾರಿನ ಬುಡದಲ್ಲಿ. ಸೊಲೊಮೋನನನ್ನ ದಾವೀದನ ಹೇಸರಗತ್ತೆ ಮೇಲೆ ಕೂರಿಸಿ ಕರ್ಕೊಂಡು ಹೋಗಿ ಅಭಿಷೇಕ ಮಾಡಿದ್ದು ಈ ಗೀಹೋನ್ ಹತ್ರಾನೇ. ಇಡೀ ಊರು ಬಂದು ಹೋಗೋ ಜಾಗ ಅದು. ಕೋಟೆ ಕಟ್ಟೋರಿಗೆ ಎತ್ತರ ಬೇಕು, ನೀರು ಸಿಗೋದು ತಗ್ಗಿನಲ್ಲಿ, ಈ ಜಗ್ಗಾಟ ಯೆರೂಸಲೇಮ್‌ಗೆ ಮಾತ್ರ ಅಲ್ಲ, ಆ ನಾಡಿನ ಬಹಳಷ್ಟು ಕೋಟೆಪಟ್ಟಣಗಳಿಗೆ ಇತ್ತು. ಮೆಗಿದ್ದೋದಲ್ಲಿ ಊರೊಳಗಿಂದ ಆಳಕ್ಕೆ ಗುಂಡಿ ತೋಡಿ ಅಲ್ಲಿಂದ ಸುಮಾರು 70 ಮೀಟರ್ ಅಡ್ಡ ಸುರಂಗ ಕೊರೆದು ಊಟೆ ಮುಟ್ಟಿದ್ದಾರೆ. ಯೆರಿಕೋಗೆ ಆ ಕಷ್ಟ ಇರಲಿಲ್ಲ, ಊರಿನ ಬುಡದಲ್ಲೇ ಊಟೆ, ಪ್ರವಾದಿ ಎಲೀಷ ಉಪ್ಪು ಹಾಕಿ ಸರಿಮಾಡಿದ್ದು ಅದನ್ನೇ ಅನ್ನೋದು ನಂಬಿಕೆ, ಈಗಲೂ ಹರೀತಿದೆ.

ಕ್ರಿ.ಪೂ. 701ರಲ್ಲಿ ಅಶ್ಶೂರದ ರಾಜ ಸನ್ಹೇರೀಬ ಯೆಹೂದದ ಮೇಲೆ ಬಂದ. ಲಾಕೀಷ್ ಬಿತ್ತು, ಅದು ಬಿದ್ದ ದೃಶ್ಯಾನ ಅವನು ನಿನೆವೆಯ ಅರಮನೆ ಗೋಡೆ ಮೇಲೆ ಕೆತ್ತಿಸಿಕೊಂಡ, ಆ ಕಲ್ಲುಗಳು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಆದ್ರೆ ಹಿಜ್ಕೀಯನ ಬಗ್ಗೆ ಅವನ ಶಾಸನ ಹೇಳೋದು ಪಂಜರದ ಹಕ್ಕಿ ಥರ ಯೆರೂಸಲೇಮ್‌ನಲ್ಲಿ ಕೂಡಿಹಾಕಿದೆ ಅಂತ ಅಷ್ಟೇ, ಊರು ಹಿಡಿದೆ ಅಂತ ಎಲ್ಲೂ ಇಲ್ಲ. 2 ಪೂರ್ವಕಾಲವೃತ್ತಾಂತ 32ನೇ ಅಧ್ಯಾಯ ಓದಿ, ಹಿಜ್ಕೀಯ ತನ್ನ ಅಧಿಕಾರಿಗಳ ಜೊತೆ ಕೂತು ಮಾತಾಡಿ ಊರಾಚೆ ಇರೋ ಊಟೆಗಳನ್ನ ಮುಚ್ಚಿಸ್ತಾನೆ, ಅಶ್ಶೂರದ ರಾಜರು ಬಂದ್ರೆ ಅವರಿಗ್ಯಾಕೆ ಇಷ್ಟೊಂದು ನೀರು ಸಿಗಬೇಕು ಅನ್ನೋದು ಅವರ ಲೆಕ್ಕ. ಮುತ್ತಿಗೆ ಹಾಕೋ ಸೈನ್ಯಕ್ಕೂ, ಅದರ ಕುದುರೆಗಳಿಗೂ ದಿನಾ ನೀರು ಬೇಕಲ್ವಾ.

ಈಗ ಹಿಜ್ಕೀಯ ಪಟ್ಟಣದೊಳಕ್ಕೆ ನೀರು ತಂದ ಆ ಸುರಂಗಕ್ಕೆ ಬರ್ತೀನಿ, ಇಲ್ಲಿ ಸ್ವಲ್ಪ ನಿಧಾನ ಮಾಡ್ತೀನಿ. ಗೀಹೋನ್‌ನಿಂದ ಸಿಲೋವ ಕೊಳದ ತನಕ ಬಂಡೆಯೊಳಗೆ ಸುಮಾರು 533 ಮೀಟರ್ ಉದ್ದ. ನೇರ ಗೆರೆ ಎಳೆದ್ರೆ ಸುಮಾರು 320 ಮೀಟರ್ ಅಷ್ಟೇ, ಆದ್ರೆ ಸುರಂಗ ಹಾವಿನ ಥರ ಸುತ್ತಿಕೊಂಡು ಹೋಗುತ್ತೆ. ಇಡೀ ಉದ್ದಕ್ಕೆ ಲೆವೆಲ್ ಇಳಿಯೋದು ಸುಮಾರು 30 ಸೆಂಟಿಮೀಟರ್, ಅಂದ್ರೆ 100 ಮೀಟರ್‌ಗೆ 6 ಸೆಂಟಿಮೀಟರ್‌ಗಿಂತ ಕಡಿಮೆ. ಇವತ್ತು ಎತ್ತರ ಅಳೆಯೋ ಆಟೋ ಲೆವೆಲ್ ಇಟ್ಕೊಂಡು ತೆರೆದ ಚಾನಲ್‌ನಲ್ಲಿ ಈ ಸ್ಲೋಪ್ ಸರಿಯಾಗಿ ಕೊಡಿ ಅಂದ್ರೂ ಕಂಟ್ರಾಕ್ಟರ್ ಎರಡೆರಡು ಸಲ ಚೆಕ್ ಮಾಡ್ತಾನೆ, ಅವರು ಕತ್ತಲಲ್ಲಿ ಎಣ್ಣೆ ದೀಪ ಇಟ್ಕೊಂಡು ಉಳಿ, ಗುದ್ದಲಿಯಲ್ಲಿ ಕೊರೆದಿದ್ದಾರೆ, ಅದೂ ಎರಡು ತುದಿಯಿಂದ ಎರಡು ತಂಡ ಶುರು ಮಾಡಿ ನಡುವೆ ಸೇರಿದ್ದಾರೆ. ಬೀದರ್ ಹತ್ರ ನೌಬಾದ್‌ನ ಕರೇಜ್ (ನೆಲದಡಿಯ ನೀರಿನ ಕಾಲುವೆ) ನೋಡಿದವರಿಗೆ ಗೊತ್ತು, ಅಲ್ಲಿ ಅಲ್ಲಲ್ಲಿ ಮೇಲಿಂದ ಬಾವಿ ಥರ ಇಳಿಸಿದ್ದಾರೆ, ಅದ್ರಿಂದ ಗಾಳಿ, ಬೆಳಕು, ದಿಕ್ಕು ಮೂರೂ ಸಿಗುತ್ತೆ. ಯೆರೂಸಲೇಮ್‌ನ ಸುರಂಗದಲ್ಲಿ ಹಾಗೆ ಸಾಲಾಗಿ ಇಳಿಸಿದ ಬಾವಿಗಳಿಲ್ಲ.

ಹಾಗಿದ್ರೆ ಹೇಗೆ ಸೇರಿದ್ರು? ಬಂಡೆಯಲ್ಲಿ ಮೊದಲೇ ನೀರು ಜಿನುಗೋ ಬಿರುಕು ಇತ್ತು, ಅದನ್ನೇ ಹಿಡಿದು ಹೋದ್ರು ಅಂತ ಕೆಲವು ಭೂವಿಜ್ಞಾನಿಗಳು ಹೇಳ್ತಾರೆ, ಇಲ್ಲ ಮೇಲೆ ನಿಂತು ಬಂಡೆಗೆ ಬಡಿದು ಆ ಸದ್ದಿನಿಂದ ದಿಕ್ಕು ತೋರಿಸಿದ್ರು ಅಂತ ಇನ್ನು ಕೆಲವರು. ನನಗೆ ಸದ್ದಿನ ವಾದ ಹೆಚ್ಚು ಸರಿ ಅನ್ಸುತ್ತೆ, ಯಾಕಂದ್ರೆ ಸೇರೋ ಜಾಗದ ಹತ್ರ ಬಂದಾಗ ಸುರಂಗ ಆ ಕಡೆ ಈ ಕಡೆ ಹೊರಳುತ್ತೆ, ಒಂದೆರಡು ಕಡೆ ಸ್ವಲ್ಪ ಕೊರೆದು ಬಿಟ್ಟ ಗುರುತೂ ಇದೆ. ಬಿರುಕು ಹಿಡಿದು ಹೋಗೋನು ಹಾಗೆ ತಡಕಾಡಲ್ಲ. ದಕ್ಷಿಣದ ಕಡೆ ಚಾವಣಿ 5 ಮೀಟರ್‌ವರೆಗೂ ಎತ್ತರ ಇದೆ, ನಿಲ್ಲೋಕೆ ಅಷ್ಟು ಎತ್ತರ ಯಾರಿಗೂ ಬೇಡ. ಎರಡೂ ಕಡೆ ಸೇರಿದ ಮೇಲೆ ನೀರು ಹರಿಯೋ ಹಾಗೆ ನೆಲ ಕೆಳಗಿಳಿಸ್ತಾ ಹೋಗಿದ್ದಾರೆ ಅಂತಾನೇ ನಾನು ಓದ್ಕೊಳ್ತೀನಿ.

1880ರಲ್ಲಿ ಸಿಲೋವದ ಕಡೆ ಬಾಯಿ ಹತ್ರ ಒಬ್ಬ ಹುಡುಗನಿಗೆ ಗೋಡೆ ಮೇಲೆ ಬರಹ ಕಾಣಿಸ್ತು. ಹಳೇ ಹೀಬ್ರೂ ಅಕ್ಷರ, ಈಗ ಆ ಕಲ್ಲು ಇಸ್ತಾಂಬುಲ್ ಮ್ಯೂಸಿಯಂನಲ್ಲಿದೆ. ಇನ್ನು ಮೂರು ಮೊಳ ಬಾಕಿ ಇದ್ದಾಗ ಆ ಕಡೆಯವರು ಕೂಗೋ ದನಿ ಕೇಳಿಸ್ತು, ಆಮೇಲೆ ಗುದ್ದಲಿಗೆ ಗುದ್ದಲಿ ತಾಗ್ತು, ನೀರು 1200 ಮೊಳ ಹರಿದು ಕೊಳಕ್ಕೆ ಬಂತು, ಕೆಲಸದವರ ತಲೆ ಮೇಲೆ 100 ಮೊಳ ಬಂಡೆ ಇತ್ತು, ಇದು ಅದರ ಸಾರಾಂಶ. ರಾಜನ ಹೆಸರಿಲ್ಲ, ಬಿರುದಿಲ್ಲ, ಕೊರೆದವರ ಮಾತು ಮಾತ್ರ ಇದೆ. ಆ ಕಾಲದ ಶಾಸನಗಳಲ್ಲಿ ನನಗೆ ಇದಕ್ಕಿಂತ ಹತ್ತಿರದ್ದು ಇನ್ನೊಂದಿಲ್ಲ. 2003ರಲ್ಲಿ ಸುರಂಗದ ಗಾರೆಯೊಳಗಿನ ಸಸ್ಯದ ಚೂರನ್ನೂ ಚಾವಣಿಯಿಂದ ಇಳಿದ ಸುಣ್ಣದ ಕಡ್ಡಿಯನ್ನೂ ಟೆಸ್ಟ್ ಮಾಡಿದಾಗ ಕಾಲ ಕ್ರಿ.ಪೂ. 700ರ ಆಸುಪಾಸಿಗೆ ಹೊಂದ್ತು.

ಇಷ್ಟು ಒಳ್ಳೇ ಕೆಲಸ ಆದ್ರೂ ಯೆಶಾಯ 22ರಲ್ಲಿ ಪ್ರವಾದಿ ಬೈತಾನೆ. ಗೋಡೆ ಗಟ್ಟಿ ಮಾಡೋಕೆ ಮನೆಗಳನ್ನ ಎಣಿಸಿ ಕೆಡವಿದ್ರಿ, ಎರಡು ಗೋಡೆಗಳ ಮಧ್ಯೆ ನೀರು ನಿಲ್ಲಿಸಿದ್ರಿ, ಆದ್ರೆ ಇದನ್ನೆಲ್ಲ ಮಾಡಿದಾತನ ಕಡೆ ನೋಡಲಿಲ್ಲ ಅಂತ. ಪೂರ್ವಕಾಲವೃತ್ತಾಂತ ಹೊಗಳುತ್ತೆ, ಯೆಶಾಯ ಗದರಿಸ್ತಾನೆ, ಎರಡನ್ನೂ ಜೊತೆಗಿಟ್ಟು ಓದಬೇಕು, ಒಂದನ್ನ ಬಿಟ್ಟು ಇನ್ನೊಂದನ್ನ ಮಾತ್ರ ಪ್ರಸಂಗಕ್ಕೆ ತಗೊಳ್ಳೋದು ನನಗೆ ಸರಿ ಕಾಣಲ್ಲ.

ಇದೇ ನೀರು ಬಂದು ಬೀಳೋ ಸಿಲೋವಕ್ಕೇ ಯೇಸು ಹುಟ್ಟುಕುರುಡನನ್ನ ಕಳಿಸಿದ್ದು. ಆ ಕಾಲದ ಕೊಳದ ಮೆಟ್ಟಿಲುಗಳು 2004ರಲ್ಲಿ ಚರಂಡಿ ಪೈಪ್ ಕೆಲಸ ಮಾಡೋವಾಗ ಬೆಳಕಿಗೆ ಬಂದವು. ಬೇಸಿಗೆ ಮುಗಿಯೋ ಹೊತ್ತಿಗೆ ಬರೋ ಪರ್ಣಶಾಲೆಗಳ ಹಬ್ಬದಲ್ಲಿ ಯಾಜಕರು ಬಂಗಾರದ ಪಾತ್ರೆಯಲ್ಲಿ ಸಿಲೋವದ ನೀರು ತುಂಬಿ ದೇವಾಲಯದಲ್ಲಿ ಸುರೀತಿದ್ರು ಅಂತ ಯೆಹೂದ್ಯರ ಮಿಷ್ನಾ ಅನ್ನೋ ಹಳೇ ನಿಯಮಗ್ರಂಥ ಹೇಳುತ್ತೆ. ಅದೇ ಹಬ್ಬದ ಕಡೇ ದಿನ ಯೇಸು ಎದ್ದು ನಿಂತು, ಬಾಯಾರಿದವರು ನನ್ನ ಹತ್ರ ಬಂದು ಕುಡೀರಿ ಅಂತ ಕೂಗಿದ್ದು ಯೋಹಾನ 7ರಲ್ಲಿದೆ. ಬೇಸಿಗೆ ಪೂರ್ತಿ ಮಳೆ ಇಲ್ಲದೆ ಮುಂದಿನ ಮಳೆಗೆ ಕಾಯ್ತಿರೋ ಜನ ಅವರು, ಆ ಕೂಗು ಅವರಿಗೆ ಹೇಗೆ ಕೇಳಿಸಿರಬೇಕು ಯೋಚನೆ ಮಾಡಿ.

ಗೀಹೋನ್ ಒಂದರಿಂದ ಊರು ನಡೀತಿರಲಿಲ್ಲ, ಮನೆಮನೆಗೂ ಬಂಡೆಯಲ್ಲಿ ಕೊರೆದು ಗಾರೆ ಮಾಡಿದ ಮಳೆನೀರಿನ ತೊಟ್ಟಿ ಇರ್ತಿತ್ತು. ಗಾರೆ ಬಿರುಕು ಬಿಟ್ರೆ ನೀರು ಸದ್ದಿಲ್ಲದೆ ಬಂಡೆಯೊಳಗೆ ಹೋಗಿಬಿಡುತ್ತೆ, ಗೊತ್ತಾಗೋದು ಬೇಸಿಗೇಲಿ. ಜೀವಜಲದ ಬುಗ್ಗೆ ಬಿಟ್ಟು ಬಿರುಕು ತೊಟ್ಟಿ ಕೊರೆದುಕೊಂಡ್ರಿ ಅಂತ ಯೆರೆಮೀಯ 2:13ರಲ್ಲಿ ಬರೋದು ಕೇಳಿದವರಿಗೆಲ್ಲ ತಮ್ಮನೆ ತೊಟ್ಟಿ ನೆನಪಾಗಿರುತ್ತೆ. ಮುಂದೆ 38ನೇ ಅಧ್ಯಾಯದಲ್ಲಿ ಪ್ರವಾದಿ ಯೆರೆಮೀಯನನ್ನೇ ಹಗ್ಗ ಕಟ್ಟಿ ತೊಟ್ಟಿಗೆ ಇಳಿಸ್ತಾರೆ, ಅಲ್ಲಿ ನೀರಿಲ್ಲ, ಕೆಸರು ಮಾತ್ರ, ಅವನು ಹೂತುಹೋಗ್ತಾನೆ. ಟ್ಯಾಂಕ್ ಕ್ಲೀನ್ ಮಾಡಿಸಿದವರಿಗೆ ಈ ಸಾಲು ಬೇರೆಯದೇ ಹೇಳುತ್ತೆ, ತಳದ ಹೂಳು ಕಾಣ್ತಿದೆ ಅಂದ್ರೆ ನೀರು ಪೂರ್ತಿ ಎಳೆದಾಗಿದೆ ಅಂತ. ಆಗ ಬಾಬೆಲಿನವರು ಯೆರೂಸಲೇಮ್‌ಗೆ ಮುತ್ತಿಗೆ ಹಾಕಿದ್ರು, ಗೋಡೆ ಒಡೆದದ್ದು ಯೆಹೂದ್ಯರ ಲೆಕ್ಕದ ನಾಲ್ಕನೇ ತಿಂಗಳಲ್ಲಿ, ಅಂದ್ರೆ ಮಳೆ ನಿಂತು ಬೇಸಿಗೆ ಸುಡ್ತಿರೋ ಹೊತ್ತು. ಒಂದು ತೊಟ್ಟಿಯ ಕೆಸರಿನಲ್ಲಿ ಇಡೀ ಊರಿನ ಸ್ಥಿತಿ ಇದೆ.

ಕೊನೆಗೆ ಲವೊದಿಕೀಯ, ಯಾಕಂದ್ರೆ ಇದರ ಬಗ್ಗೆ ತಪ್ಪು ಮಾಹಿತಿ ತುಂಬಾ ಓಡಾಡ್ತಿದೆ. ನೀನು ಬಿಸಿಯೂ ಅಲ್ಲ ತಣ್ಣಗೂ ಅಲ್ಲ, ಉಗುರುಬೆಚ್ಚಗಿದ್ದೀಯ ಅಂತ ಅಲ್ಲಿನ ಸಭೆಗೆ ಪ್ರಕಟನೆ 3ರಲ್ಲಿ ಹೇಳಿರೋ ಮಾತಿಗೆ, ಹಿಯೆರಾಪೊಲಿಯ ಬಿಸಿನೀರನ್ನ ಪೈಪ್‌ನಲ್ಲಿ ಲವೊದಿಕೀಯಕ್ಕೆ ತರ್ತಿದ್ರು, ಬರೋಷ್ಟರಲ್ಲಿ ಉಗುರುಬೆಚ್ಚಗೆ ಆಗ್ತಿತ್ತು ಅಂತ ಮೆಸೇಜ್‌ಗಳಲ್ಲಿ ಹೇಳ್ತಾರೆ. ಮ್ಯಾಪ್ ತೆಗೆದು ನೋಡಿ. ಹಿಯೆರಾಪೊಲಿ, ಅಂದ್ರೆ ಇವತ್ತಿನ ಟರ್ಕಿಯ ಪಮುಕ್ಕಲೆ, ಕಣಿವೆಯ ಆಚೆ ಉತ್ತರಕ್ಕಿದೆ, ಲವೊದಿಕೀಯದ ಮುಖ್ಯ ಪೈಪ್‌ಲೈನ್ ಬರೋದು ದಕ್ಷಿಣದಿಂದ, ಈಗಿನ ಡೆನಿಜ್ಲಿ ಕಡೆಯ ಊಟೆಗಳಿಂದ, ಸುಮಾರು 8 ಕಿಲೋಮೀಟರ್. ಊರಿನ ಮುಂದೆ ತಗ್ಗು ಇದ್ದಿದ್ರಿಂದ ಕಲ್ಲಿನ ದಿಮ್ಮಿಗಳಿಗೆ ತೂತು ಕೊರೆದು ಜೋಡಿಸಿದ ಜೋಡಿ ಪೈಪ್‌ನಲ್ಲಿ ಇಳಿಸಿ, ಪ್ರೆಶರ್‌ನಿಂದಾನೇ ಮತ್ತೆ ಮೇಲೆ ಹತ್ತಿಸಿದ್ದಾರೆ. ಪೈಪ್‌ಗಳ ಒಳಗೆ ದಪ್ಪ ಸುಣ್ಣ ಕಟ್ಟಿರೋದು ಇವತ್ತಿಗೂ ಕಾಣುತ್ತೆ, ಅಷ್ಟು ಹಾರ್ಡ್ ವಾಟರ್. ಸ್ಟ್ರಾಬೋ ಅನ್ನೋ ಗ್ರೀಕ್ ಲೇಖಕ ಅಲ್ಲಿನ ನೀರು ಕಲ್ಲಾಗುತ್ತೆ, ಆದ್ರೂ ಕುಡಿಯಬಹುದು ಅಂತ ಬರೆದಿದ್ದಾನೆ.

ದುಡ್ಡಿಗೆ ಕೊರತೆ ಇರಲಿಲ್ಲ, ಕ್ರಿ.ಶ. 60ರ ಭೂಕಂಪದಲ್ಲಿ ಬಿದ್ದ ಊರನ್ನ ರೋಮ್‌ನ ಸಹಾಯ ಇಲ್ಲದೆ ತಾವೇ ಎಬ್ಬಿಸಿದ್ರು ಅಂತ ರೋಮ್‌ನ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ, ನನಗೆ ಯಾವ ಕೊರತೆಯೂ ಇಲ್ಲ ಅಂತೀಯ ಅನ್ನೋ ಪ್ರಕಟನೆ 3ರ ಮಾತು ನೇರ ಅಲ್ಲಿಗೇ ತಾಗುತ್ತೆ. ಅಂಥ ಊರು ನೀರಿಗೆ ಮಾತ್ರ ಎಷ್ಟು ಹೆದರ್ತಿತ್ತು ಅನ್ನೋದಕ್ಕೆ ಕ್ರಿ.ಶ. 114ರ ಒಂದು ಅಮೃತಶಿಲೆ ಶಾಸನ ಸಿಕ್ಕಿದೆ. ನೀರು ಕೊಳಕು ಮಾಡಿದ್ರೆ, ಪೈಪ್ ಹಾಳು ಮಾಡಿದ್ರೆ, ಸೀಲ್ ಮಾಡಿದ ಪೈಪ್ ತೆರೆದ್ರೆ 5,000ದಿಂದ 12,500 ದಿನಾರಿ (ರೋಮ್‌ನ ಬೆಳ್ಳಿ ನಾಣ್ಯ) ದಂಡ.

ಇನ್ನು ಆ ಉಗುರುಬೆಚ್ಚಗಿನ ವಚನದ ಅರ್ಥ. ಬಿಸಿ ಅಂದ್ರೆ ಭಕ್ತಿ ಇರೋನು, ತಣ್ಣಗೆ ಅಂದ್ರೆ ಅವಿಶ್ವಾಸಿ ಅಂತ ಹೇಳಿಬಿಟ್ರೆ, ನೀನು ತಣ್ಣಗಾದ್ರೂ ಇರಬಾರದಿತ್ತಾ ಅಂತ ಕರ್ತನು ಹೇಳೋದು ಕೂರಲ್ಲ. ಅಕ್ಕಪಕ್ಕದ ಊರು ನೋಡಿ, ಹಿಯೆರಾಪೊಲಿಯ ಬಿಸಿನೀರಿಗೆ ಮೈಕೈ ನೋವಿನವರು ದೂರದಿಂದ ಬರ್ತಿದ್ರು, ಇನ್ನೊಂದು ಕಡೆ ಕೊಲೊಸ್ಸೆಯಲ್ಲಿ ಬೆಟ್ಟದಿಂದ ಬರೋ ತಣ್ಣೀರು. ಎರಡೂ ಕೆಲಸಕ್ಕೆ ಬರೋ ನೀರೇ. ಕೆಲವು ವಿದ್ವಾಂಸರು ಇದನ್ನ ಊರಿನ ನೀರಿಗಿಂತ ಔತಣದ ಊಟದಲ್ಲಿ ಕೊಡ್ತಿದ್ದ ಬಿಸಿ ಇಲ್ಲಾ ತಂಪು ಪಾನೀಯಕ್ಕೆ ಸೇರಿಸಿ ಓದ್ತಾರೆ, ಹಾಗೆ ಓದಿದ್ರೂ ಬಿಸಿ ತಂಪು ಎರಡೂ ಒಳ್ಳೇದೇ ಆಗುತ್ತೆ. ಆ ಸಭೆಯ ಮೇಲಿನ ಆರೋಪ ಭಕ್ತಿಯ ಉತ್ಸಾಹ ಕಮ್ಮಿ ಆಯ್ತು ಅಂತಲ್ಲ, ಯಾರಿಗೂ ಉಪಯೋಗಕ್ಕೆ ಬರ್ತಿಲ್ಲ ಅಂತ.